ಮೊದಲು ಮಳೆಗೆ ತರಬೇತಿ ಕೊಡಿ

ಹವಾಮಾನ ಬದಲಾವಣೆಗೆ ರೈತರು ಹೊಂದಿಕೊಳ್ಳಬೇಕಂತೆ. ಇದನ್ನು ಹೇಳಿಕೊಡಲು ಬೆಳಗಾವಿಯಲ್ಲಿ ಕಾರ್ಯಾಗಾರಗಳಿಗೆ ಬರವಿಲ್ಲ. ಎಸಿ ಹಾಲ್, ಹಿಂದೆ ಹಸಿರು ಬ್ಯಾನರ್, ಪ್ರತಿ ಕುರ್ಚಿಗೂ ಒಂದು ನೀರಿನ ಬಾಟಲಿ, ಒಂದು ಫೈಲು, ಒಂದು ಪೆನ್ನು. ಭೂಮಿ ಎಷ್ಟು ಬಿಸಿಯಾಗಿದೆ ಅಂತ ಭಾಷಣಕಾರರು ಕೋಟು ಹಾಕಿಕೊಂಡು ವಿವರಿಸುತ್ತಾರೆ. ಎಸಿ ಅಷ್ಟು ಜೋರು, ಕೋಟು ಬೇಕೇ ಬೇಕು. ಅಥಣಿ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದ ರೈತರು ಹಿಂದಿನ ಸಾಲಿನಲ್ಲಿ ಟವೆಲ್ ಹೊದ್ದು ಕೂತಿರುತ್ತಾರೆ. ಅವರಾಗಲೇ ಹೊಂದಿಕೊಂಡಾಗಿದೆ.

ಪರದೆಯ ಮೇಲೆ ಒಂದು ಚಿತ್ರ ಬರುತ್ತದೆ. ಒಂದೇ ಹೊಲದಲ್ಲಿ ಎರಡು ಮೂರು ಬೆಳೆ ಬಿತ್ತಿ, ಒಂದು ಹೋದರೂ ಇನ್ನೊಂದು ಕೈಹಿಡಿಯುತ್ತದೆ, ಇದು ಹೊಸ ತಂತ್ರ ಅನ್ನುತ್ತಾರೆ. ಹಿಂದಿನ ಸಾಲಿನ ಅಜ್ಜ ಪಕ್ಕದವನಿಗೆ ಮೆಲ್ಲಗೆ ಹೇಳುತ್ತಾನೆ, "ಅಕ್ಕಡಿ ಬಗ್ಗೆ ಹೇಳಾಕತ್ತಾರ." ಪಕ್ಕದವನಿಗೆ ಆಗ ಅರ್ಥವಾಗುತ್ತದೆ.

ನನ್ನ ತಕರಾರು ಇಷ್ಟೇ. ಕಲಿತವರಿಗೇ ಯಾಕೆ ಮತ್ತೆ ಮತ್ತೆ ಪಾಠ? ಉತಾರ ಅಂದರೆ ಹೊಲದ ಪಹಣಿ ಎಲ್ಲಿ ಸಿಗುತ್ತದೆ, ಊರ ಲೆಕ್ಕಿಗ ತಲಾಟಿ ಯಾವ ದಿನ ಸಿಗುತ್ತಾನೆ, ಸರ್ವರ್ ಎಷ್ಟು ಗಂಟೆಗೆ ಬಿಡುವಾಗಿರುತ್ತದೆ, ಎಲ್ಲ ನಮ್ಮ ಜನಕ್ಕೆ ಬಾಯಿಪಾಠ. ನಿಯಮ ಗೊತ್ತಿಲ್ಲದೇ ಇರುವುದು ಮಳೆಗೆ. ಕೇಂದ್ರದ ಬರ ಕೈಪಿಡಿ 2016ರಲ್ಲೇ ಪರಿಷ್ಕರಣೆ ಆಗಿ ಬಂದಿದೆ. ಮಳೆ ಇವತ್ತಿಗೂ ಅದನ್ನು ತೆರೆದು ನೋಡಿಲ್ಲ.

ನೋಡಿದ್ದರೆ ಹೀಗೆ ನಡೆದುಕೊಳ್ಳುತ್ತಿರಲಿಲ್ಲ. ಕೈಪಿಡಿಯ ಪ್ರಕಾರ ಬರ ಅನ್ನಿಸಿಕೊಳ್ಳಲು ಮಳೆ ವಾಡಿಕೆಗಿಂತ ಸಾಕಷ್ಟು ಕಡಿಮೆ ಆಗಬೇಕು, ಇಲ್ಲವೇ ಸತತ ಮೂರ್ನಾಲ್ಕು ವಾರ ವಾಡಿಕೆಯ ಅರ್ಧದಷ್ಟೂ ಬೀಳಬಾರದು. ಆಮೇಲೆ ಬಿತ್ತನೆ ಎಷ್ಟಾಗಿದೆ, ಉಪಗ್ರಹಕ್ಕೆ ಏನು ಕಾಣುತ್ತಿದೆ, ಮಣ್ಣಿನಲ್ಲಿ ತೇವ ಎಷ್ಟಿದೆ, ಕೆರೆ-ಜಲಾಶಯದಲ್ಲಿ ನೀರೆಷ್ಟು, ಇಂಥವನ್ನು ತಾಳೆ ನೋಡಬೇಕು. ಕೊನೆಗೆ ಆಯ್ದ ಹಳ್ಳಿಗಳ ಹೊಲಕ್ಕೆ ಹೋಗಿ ಖಾತ್ರಿ. ಇಷ್ಟೆಲ್ಲ ಆಗಿ 'ಸಾಧಾರಣ ಬರ' ಅಂತ ಬಂದರೆ ದಿಲ್ಲಿಯ ವಿಪತ್ತು ನಿಧಿಯ ಬಾಗಿಲು ತೆರೆಯುವುದಿಲ್ಲ, 'ತೀವ್ರ' ಅಂತಲೇ ಬರಬೇಕು. ಬರೇ ಪಾಸಾದರೆ ಸೀಟು ಸಿಗದ ಪರೀಕ್ಷೆ ಇದು.

ಮಳೆ ಏನು ಮಾಡುತ್ತದೆ? ಇಪ್ಪತ್ತು ದಿನ ಮುಖ ತೋರಿಸುವುದಿಲ್ಲ. ಹೆಸರು ಒಣಗುತ್ತದೆ, ತೊಗರಿ ಬಾಡುತ್ತದೆ. ಇನ್ನೇನು ಮೂರು ವಾರ ತುಂಬಬೇಕು, ಅಷ್ಟರಲ್ಲಿ ಒಂದು ಸಂಜೆ ಬಂದು ಅರ್ಧ ತಾಸು ಸುರಿದು ಹೋಗುತ್ತದೆ. ಬೆಳೆಗೆ ಅದರಿಂದ ಏನೂ ಇಲ್ಲ, ಪಂಚಾಯ್ತಿ ಮಾಳಿಗೆಯ ಮೇಲಿನ ಮಳೆಮಾಪಕ ಮಾತ್ರ ತುಂಬುತ್ತದೆ. ವಾರದ ಎಣಿಕೆ ಮತ್ತೆ ಒಂದರಿಂದ. ಸತ್ತ ಪೈರು ಎದ್ದು ನಿಂತು ನಿಯಮದ ಪ್ರಕಾರ ಇನ್ನೊಮ್ಮೆ ಒಣಗಬೇಕು.

ಉಪಗ್ರಹದ್ದು ಬೇರೆಯೇ ಕಥೆ. ಮೇಲಿನಿಂದ ನೋಡಿದರೆ ಕಾಳು ಕಟ್ಟದ ತೊಗರಿಯೂ ಹಸಿರು, ಬದುವಿನ ಜಾಲಿಯೂ ಹಸಿರು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರದ ಪಟ್ಟಿ ಸೇರಿದವು. ಆಗ ಕೇಂದ್ರದ ತಂಡಕ್ಕೆ, ಸ್ವಾಮಿ, ಇದು 'ಹಸಿರು ಬರ', ಹಸಿರು ಕಂಡರೂ ಒಳಗೆ ಏನಿಲ್ಲ ಅಂತ ರಾಜ್ಯದವರು ಬಿಡಿಸಿ ಹೇಳಬೇಕಾಯಿತು. ಕೇಳಿದ್ದು 18,171 ಕೋಟಿ ರೂಪಾಯಿ. ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ 2024ರ ಏಪ್ರಿಲ್ ಕೊನೆಗೆ ಬಂದದ್ದು 3,454 ಕೋಟಿ. ಮುಂಗಾರಿನ ಬರಕ್ಕೆ ನಡು ಬೇಸಿಗೆಯಲ್ಲಿ ಪರಿಹಾರ! ಮಳೆಯಾಶ್ರಿತ ಹೊಲಕ್ಕೆ ಹೆಕ್ಟೇರಿಗೆ 8,500 ರೂಪಾಯಿ, ಅದೂ 2 ಹೆಕ್ಟೇರಿಗೆ ಸೀಮಿತ. ಎಕರೆ ಲೆಕ್ಕದಲ್ಲಿ 3,400ರ ಆಸುಪಾಸು. ಬೀಜ, ಗೊಬ್ಬರ, ಗಳೆ ಹೊಡೆದವನ ಬಾಡಿಗೆ, ಇದರಲ್ಲಿ ಯಾವುದಕ್ಕೆ ಹೊಂದಿಸಬೇಕು ಅನ್ನುವ ಬಗ್ಗೆ ಮಾತ್ರ ಯಾವ ಕಾರ್ಯಾಗಾರವೂ ಇಲ್ಲ.

ಹೊಳೆಯದು ಇನ್ನೂ ಅಶಿಸ್ತು. 2019ರ ಬೇಸಿಗೆಯಲ್ಲಿ ಕೃಷ್ಣೆ ಒಣಗಿ ಬಂಡೆ ಬಿಟ್ಟಾಗ, ಕೊಯ್ನಾ ಜಲಾಶಯದಿಂದ ಒಂದಿಷ್ಟು ನೀರು ಬಿಡಿ ಅಂತ ಮಹಾರಾಷ್ಟ್ರಕ್ಕೆ ಕೈಮುಗಿದಿದ್ದೆವು. ಅರ್ಜಿ ಮಂಜೂರಾದದ್ದು ಆಗಸ್ಟ್‌ನಲ್ಲಿ ಅನ್ನಿ. ಆಲಮಟ್ಟಿ ಗೇಟುಗಳಿಂದ 5 ಲಕ್ಷ ಕ್ಯುಸೆಕ್‌ಗೂ ಜಾಸ್ತಿ ನೀರು ಹೊರಬಿಡಬೇಕಾಯಿತು. ಅಥಣಿ ತಾಲ್ಲೂಕಿನ ಹೊಳೆಸಾಲು ಮುಳುಗಿದರೆ, ಪೂರ್ವದ ಹಳ್ಳಿಗಳು ಆಕಾಶ ನೋಡುತ್ತ ಕೂತಿದ್ದವು. ಒಂದೇ ತಾಲ್ಲೂಕು, ಒಂದೇ ತಹಶೀಲ್ದಾರ್ ಕಚೇರಿ. ಹೊಳೆಸಾಲಿನವರು ಎಮ್ಮೆ ಹೊಡೆದುಕೊಂಡು ಮೂಡಲ ದಿಕ್ಕಿನ ಬೀಗರೂರಿಗೆ ಹೋದರೆ ಮಾತು ಹೀಗೆ ನಡೆಯುತ್ತದೆ:

"ಬರ್ರಿ ಬೀಗರ. ಎಷ್ಟ ದನಾ ತಂದೀರಿ?"

"ನಾಕ ಎಮ್ಮಿ, ಒಂದ ಆಕಳಾರೀ."

"ಹಂಗಾರ ಟ್ಯಾಂಕರ್ ಬರೂತನಕಾ ತಡೀಬೇಕ್ರಿ. ನೀರು ಮುಂಜಾನೆನ ಖಾಲಿ ಆಗ್ಯಾವು."

"ಇರಲಿ ಬಿಡ್ರೀ. ನೀರಿಗಿ ಹೆದರೇ ಬಂದೇವಿ. ಒಂದ ದಿನಾ ನೀರ ಕಾಣದಿದ್ರ ಛಲೋನ."

ಕಷ್ಟ ಶುರುವಾಗುವುದು ಎಮ್ಮೆಗೆ ಮೇವು ಕೇಳಿದಾಗ. ಬರದ ಮೇವಿಗೆ ಒಂದು ಲೆಕ್ಕ, ನೆರೆಯ ಮೇವಿಗೆ ಇನ್ನೊಂದು ಲೆಕ್ಕ. ಎಮ್ಮೆ ನೆರೆಯದು, ನಿಂತಿರುವುದು ಬರದಲ್ಲಿ. ಇದನ್ನು ಯಾವ ರಿಜಿಸ್ಟರಿನಲ್ಲಿ ಬರೆಯಬೇಕು? ಎಮ್ಮೆಗೆ ಈ ಪ್ರಶ್ನೆಯ ಗಾಂಭೀರ್ಯ ತಿಳಿಯುವುದಿಲ್ಲ, ಸುಮ್ನೆ ಒದರುತ್ತದೆ.

ಗೋಡೆಗಳಿಗೂ ತರಬೇತಿ ಅಗತ್ಯ. ಆ ನೆರೆಯಲ್ಲಿ ಮನೆಗೆ ನೀರು ನುಗ್ಗಿದವರಿಗೆ ತುರ್ತಾಗಿ 10,000, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಸರ್ಕಾರ ಘೋಷಿಸಿತು. ಹಾನಿ ನೋಡಿ ಎ, ಬಿ, ಸಿ ಅಂತ ದರ್ಜೆ. ನಮ್ಮ ಕಡೆಯ ಮಣ್ಣಿನ ಮೇಲ್ಮುದ್ದೆ ಮನೆಗಳಿಗೆ ಒಂದು ಕೆಟ್ಟ ಚಟ. ನೀರಿನಲ್ಲಿ ನಿಂತಾಗ ಬೀಳುವುದಿಲ್ಲ. ನೀರು ಇಳಿದು, ಬಿಸಿಲು ಬಿದ್ದು, ಗೋಡೆ ಒಣಗುತ್ತ ಬಿರುಕು ಬಿಟ್ಟು, ಒಂದು ದಿನ ಯಾರೂ ನೋಡದಿರುವಾಗ ಕೂತುಬಿಡುತ್ತವೆ. ಸಮೀಕ್ಷೆಗೆ ಬಂದ ಎಂಜಿನಿಯರ್ ಕಣ್ಣಿಗೆ ನಾಲ್ಕೂ ಗೋಡೆ ನಿಂತಿದ್ದವು, ಆತ 'ಸಿ' ಅಂತ ಬರೆದು ಫೋಟೊ ಹೊಡೆದು ಹೋದ. ಅವನ ತಪ್ಪೇನಿಲ್ಲ. ಗೋಡೆ ಆಮೇಲೆ ಬಿತ್ತು. ಮನೆಯಾಕೆ ಕಚೇರಿಗೆ ಹೋಗಿ, "ಸಾಹೇಬ್ರ, ಮನಿ ಬಿತ್ರೀ" ಅಂದರೆ, ಕಂಪ್ಯೂಟರ್ ನೋಡಿ, "ಇಲ್ಲಮ್ಮಾ, ನಿಂತದ" ಅಂತ ಉತ್ತರ. ಆಕೆಗೆ ಕಂಪ್ಯೂಟರಿನೊಳಗೇ ಹೋಗಿ ವಾಸ ಮಾಡುವ ಅವಕಾಶ ಇದ್ದಿದ್ದರೆ ಸಮಸ್ಯೆಯೇ ಇರುತ್ತಿರಲಿಲ್ಲ.

ಬೆಳೆ ವಿಮೆ ಯೋಜನೆ ಫಸಲ್ ಬಿಮಾದ್ದೂ ಇದೇ ರೀತಿ. ಆಲಿಕಲ್ಲು ಬಿತ್ತು, ಹೊಲಕ್ಕೆ ನೀರು ನುಗ್ಗಿತು ಅಂದರೆ 72 ಗಂಟೆಯೊಳಗೆ ತಿಳಿಸಬೇಕು. ಕರೆಂಟ್ ಹೋಗಿ ಟವರ್ ಸತ್ತು ಫೋನು ಆರಿದ್ದರೂ 72 ಅಂದರೆ 72. ಮೋಡ ಒಡೆಯುವುದಿದ್ದರೆ ಹಿಂದಿನ ರಾತ್ರಿ ಫೋನ್ ಚಾರ್ಜ್ ಮಾಡಿಕೊಳ್ಳಲು ಒಂದು ಮಾತು ತಿಳಿಸಬಹುದಿತ್ತು, ಅಲ್ವಾ?

ಹಾಗಂತ ಸರ್ಕಾರ ಶಾಶ್ವತ ಪರಿಹಾರ ಮಾಡಿಲ್ಲ ಅನ್ನುವಂತಿಲ್ಲ. 2009ರ ಅಕ್ಟೋಬರ್ ನೆರೆಯ ನಂತರ ಎತ್ತರದ ಜಾಗದಲ್ಲಿ 'ಆಸರೆ' ಮನೆಗಳು ಎದ್ದವು. ಎಷ್ಟೋ ಕಡೆ ದನ ಕಟ್ಟಲು ಜಾಗ ಇರಲಿಲ್ಲ, ಹೊಲ ದೂರವಾಯಿತು, ಜನ ಹಳೆಯ ಊರಲ್ಲೇ ಉಳಿದರು. ಖಾಲಿ ಮನೆಗಳಿಗೆ ಜಾಲಿ ಬಂದು ಸಂಸಾರ ಹೂಡಿತು. ಉಪಗ್ರಹಕ್ಕೆ ಅದೂ ಹಸಿರೇ.

ಹಾಗಾಗಿ ನನ್ನ ಸಲಹೆ. ಸುವರ್ಣ ವಿಧಾನಸೌಧ ಚಳಿಗಾಲದ ಅಧಿವೇಶನ ಬಿಟ್ಟರೆ ಬಹುಪಾಲು ಖಾಲಿ ಇರುತ್ತದೆ. ಅಲ್ಲಿ ಮಳೆಗಳಿಗೆ ಒಂದು ತರಬೇತಿ ಶಿಬಿರ ಆಗಲಿ. ಮಿರಗ, ಆರಿದ್ರ, ಹುಬ್ಬಿ, ಉತ್ತರಿ, ಎಲ್ಲವನ್ನೂ ಕರೆಯಬೇಕು. ಮುಂಗಾರಿನ ಬರ ಅಕ್ಟೋಬರ್ ಮುಗಿಯುವುದರೊಳಗೆ, ಹಿಂಗಾರಿನದು ಮಾರ್ಚ್ ಮುಗಿಯುವುದರೊಳಗೆ ಘೋಷಣೆ ಆಗಬೇಕು ಅನ್ನುವುದನ್ನು ಬೋರ್ಡಿನ ಮೇಲೆ ಬರೆದು ತೋರಿಸಬೇಕು. ಸ್ವಾತಿ ಬರುವುದೇ ಅಕ್ಟೋಬರ್ ಕೊನೆಗೆ, ಅದಕ್ಕೆ ಹಿಂದಿನ ದಿನವೇ ಒಂದು ನೋಟಿಸ್ ಕೊಡಿ. ಕೃಷ್ಣೆ, ಮಲಪ್ರಭೆ, ಘಟಪ್ರಭೆಗೆ ಬೇರೆ ಬ್ಯಾಚ್ ಮಾಡುವುದು ಒಳ್ಳೆಯದು, ಮೂವರೂ ಒಟ್ಟಿಗೆ ಬಂದರೆ ಹಾಲ್ ಉಳಿಯುವುದಿಲ್ಲ. ಹಾಜರಿ ಬಯೋಮೆಟ್ರಿಕ್. ಒದ್ದೆ ಹೆಬ್ಬೆಟ್ಟನ್ನು ಯಂತ್ರ ತಗೊಳ್ಳುವುದಿಲ್ಲ, ಬರುವಾಗ ಎಲ್ಲರೂ ಕೈ ಒರೆಸಿಕೊಂಡು ಬರಲಿ.