ನಿವೃತ್ತಿ ಒಲ್ಲದ ಜನರಲ್ ಸಾಹೇಬರು

ಮ್ಯಾನ್ಮಾರ್‌ನಲ್ಲಿ ಚುನಾವಣೆ ನಡೆಯಿತಂತೆ. ಸಂತೋಷ. 2025ರ ಡಿಸೆಂಬರ್ 28ಕ್ಕೆ ಶುರುವಾಗಿ ಕಂತು ಕಂತಾಗಿ ಮುಗಿಯಿತು. ಕಾಳಗ ನಡೆಯುತ್ತಿರುವ ಎಷ್ಟೋ ಕಡೆ ಮತದಾನವೇ ಇಲ್ಲ. 2020ರಲ್ಲಿ ಭಾರಿ ಬಹುಮತದಿಂದ ಗೆದ್ದ ಪಕ್ಷವನ್ನು ಮೊದಲೇ ರದ್ದು ಮಾಡಿ ಆಗಿದೆ. ಅದರ ನಾಯಕಿ ಆಂಗ್ ಸಾನ್ ಸೂಕಿ ಬಂಧನದಲ್ಲಿದ್ದರು. ಚುನಾವಣೆ ಸರಿಯಿಲ್ಲ ಅಂತ ಬಾಯಿಬಿಟ್ಟವರಿಗೆ ಜೈಲು, ಅದಕ್ಕೆಂದೇ ಹೊಸ ಕಾನೂನು. ಇಷ್ಟೆಲ್ಲ ಜೋಪಾನ ಮಾಡಿದ ಮೇಲೆ ಸೈನ್ಯದ ಕಡೆಯ ಪಕ್ಷ ಗೆದ್ದಿತು. ಸೋತಿದ್ದರೆ ಅದು ಸುದ್ದಿ.

ಇದನ್ನೆಲ್ಲ ನಡೆಸಿದ ಆಗಿನ ಸೈನ್ಯದ ಮುಖ್ಯಸ್ಥ, ಜನರಲ್ ಮಿನ್ ಆಂಗ್ ಹ್ಲೈಂಗ್ ಅವರ ಛಲವನ್ನು ಮೆಚ್ಚಲೇಬೇಕು. ಸೈನಿಕ ಅಕಾಡೆಮಿಗೆ ಸೀಟು ಸಿಕ್ಕಿದ್ದು ಮೂರನೇ ಪ್ರಯತ್ನಕ್ಕೆ. ಅದಕ್ಕೂ ಮೊದಲು ಓದಿದ್ದು ಕಾನೂನು! ಅದು ಎಲ್ಲಿ ಉಪಯೋಗಕ್ಕೆ ಬಂತೋ ಗೊತ್ತಿಲ್ಲ. 2011ರಲ್ಲಿ ಮಹಾದಂಡನಾಯಕರಾದರು. 2021ರ ಜುಲೈಗೆ 65 ತುಂಬಿ ನಿವೃತ್ತಿ ಆಗಬೇಕಿತ್ತು. ಬೇರೆಯವರಾದರೆ ಒಂದು ಶಾಲು, ಒಂದು ಹಾರ ಹಾಕಿಸಿಕೊಂಡು ಪೆನ್ಷನ್ ಫೈಲಿನ ಹಿಂದೆ ಓಡಾಡುತ್ತಿದ್ದರು. ಇವರು ಫೆಬ್ರವರಿ 1ಕ್ಕೇ ದೇಶವನ್ನು ವಶಕ್ಕೆ ತೆಗೆದುಕೊಂಡರು. ಆಮೇಲೆ ವಯಸ್ಸಿನ ಮಿತಿಯನ್ನೇ ತೆಗೆದುಹಾಕಿದರು. ಒಂದು ವರ್ಷಕ್ಕೆ ಅಂತ ಹೇರಿದ ತುರ್ತು ಪರಿಸ್ಥಿತಿಯನ್ನು ಆರಾರು ತಿಂಗಳು ಎಳೆದೂ ಎಳೆದೂ 2025ರ ಜುಲೈವರೆಗೆ ತಂದರು. ಅಷ್ಟರಲ್ಲಿ ತಾವೇ ಪ್ರಧಾನಿ, ಆಮೇಲೆ ತಾವೇ ಹಂಗಾಮಿ ಅಧ್ಯಕ್ಷ. ಸೂಕಿ ಮೇಲೆ ಹಾಕಿದ ಮೊದಲ ಕೇಸು ಏನು ಹೇಳಿ? ಮನೆಯಲ್ಲಿ ವಾಕಿಟಾಕಿ ಸಿಕ್ಕಿತು ಅಂತ. ಟ್ಯಾಂಕ್ ಇಟ್ಟುಕೊಂಡವರಿಗೆ ವಾಕಿಟಾಕಿಯ ಭಯ.

ಈ ವಿಷಯದಲ್ಲಿ ಅಲ್ಲಿ ದೊಡ್ಡ ಗುರು ಒಬ್ಬರಿದ್ದರು, ಜನರಲ್ ನೆ ವಿನ್. ಪೋಸ್ಟ್ ಆಫೀಸ್ ಗುಮಾಸ್ತರಾಗಿದ್ದವರು, 1962ರಲ್ಲಿ ಸೈನ್ಯದ ಬಲದಿಂದ ಅಧಿಕಾರ ಕಿತ್ತುಕೊಂಡು ದೇಶಕ್ಕೇ ಮುದ್ರೆ ಒತ್ತಿದರು. 1970ರಲ್ಲಿ ಒಂದು ದಿನ, ರಸ್ತೆಯ ಎಡಗಡೆ ಓಡುತ್ತಿದ್ದ ಗಾಡಿಗಳೆಲ್ಲ ಬಲಗಡೆ ಓಡಲಿ ಅಂದರು. ಜ್ಯೋತಿಷಿ ಹೇಳಿದ್ದಕ್ಕೆ ಹೀಗಾಯಿತು ಅಂತ ಜನ ಇವತ್ತಿಗೂ ಆಡಿಕೊಳ್ಳುತ್ತಾರೆ. ಬಸ್ಸುಗಳ ಬಾಗಿಲು ಮಾತ್ರ ಇದ್ದ ಕಡೆಯೇ ಇತ್ತು. ಪ್ರಯಾಣಿಕರು ನಡುರಸ್ತೆಗೆ ಇಳಿಯಬೇಕು. 1987ರಲ್ಲಿ 25, 35, 75 ಕ್ಯಾಟ್ (ಅಲ್ಲಿನ ದುಡ್ಡು) ನೋಟುಗಳು ನಡೆಯಲ್ಲ ಅಂದರು. ಬದಲಿ ನೋಟೂ ಇಲ್ಲ, ಪರಿಹಾರವೂ ಇಲ್ಲ. ಕೂಡಿಟ್ಟ ದುಡ್ಡು ಸುಮ್ನೆ ಕಾಗದ. ಹೊಸದಾಗಿ ಬಂದಿದ್ದು 45 ಮತ್ತು 90ರ ನೋಟು, ಯಾಕೆಂದರೆ ಸಾಹೇಬರಿಗೆ ಒಂಬತ್ತು ಅಂದರೆ ಪ್ರಾಣ. 30 ಕ್ಯಾಟ್ ಸಾಮಾನಿಗೆ 90ರ ನೋಟು ಕೊಟ್ಟರೆ ಅಂಗಡಿಯವನು ಒಂದು 45, ಒಂದು 15 ಎಣಿಸಿ ಕೊಡಬೇಕು. ಸಂತೆಯಲ್ಲಿ ಬದನೆಕಾಯಿ ಮಾರುವವಳಿಗೂ ಗಣಿತ ಕಲಿಸಿದ ಏಕೈಕ ಸರ್ವಾಧಿಕಾರಿ!

ಮರುವರ್ಷ ಜನ ಬೀದಿಗಿಳಿದರು. ನೆ ವಿನ್ ಕುರ್ಚಿ ಬಿಟ್ಟರು. ಹೋಗುವ ಮುಂಚೆ, ಸೈನ್ಯ ಗುಂಡು ಹಾರಿಸಿದರೆ ಗಾಳಿಯಲ್ಲಿ ಹಾರಿಸಲ್ಲ ಅಂತ ಎಚ್ಚರಿಸಿದ್ದರು. ಅದೊಂದು ಮಾತು ಮಾತ್ರ ತಪ್ಪದೆ ನಡೆಯಿತು. 2002ರಲ್ಲಿ ತೀರಿಕೊಂಡಾಗ ಅವರೂ ಗೃಹಬಂಧನದಲ್ಲಿದ್ದರು. ಕೂಡಿಹಾಕಿದ್ದು ಅವರೇ ಬೆಳೆಸಿದ ಸೈನ್ಯ.

ಅಲ್ಲಿಯ ಜನರಲ್‌ಗಳಿಗೆ ಪ್ರಜಾಪ್ರಭುತ್ವ ಅಂದರೆ ಸಮವಸ್ತ್ರ ಬಿಚ್ಚಿ ಲುಂಗಿ ಉಡೋದು, ಅಷ್ಟೇ. ನೆ ವಿನ್ 1972ರಲ್ಲಿ ಉಟ್ಟರು, ಮುಂದೆ ಅಧ್ಯಕ್ಷರಾದ ಜನರಲ್ ತೇನ್ ಸೇನ್ 2010ರಲ್ಲಿ ಉಟ್ಟರು. ಬಟ್ಟೆ ಬದಲಾದರೂ ಸಂಸತ್ತಿನ ಕಾಲು ಭಾಗ ಸೀಟು ಸೈನ್ಯಕ್ಕೇ ಮೀಸಲು. 2008ರ ಸಂವಿಧಾನದಲ್ಲೇ ಹಾಗೆ ಬರೆದಿಟ್ಟಿದ್ದಾರೆ. ಆ ಸಂವಿಧಾನಕ್ಕೆ ಜನರ ಒಪ್ಪಿಗೆ ಕೇಳಿದ್ದು ನರ್ಗಿಸ್ ಚಂಡಮಾರುತ ಬಡಿದ ವಾರದಲ್ಲಿ, ಇನ್ನೂ ಹೆಣ ಎತ್ತಿರದಾಗ.

ಇಲ್ಲಿಗೆ ನನಗೂ ನಗು ಬರುವುದು ನಿಂತಿತು. 2025ರ ಮಾರ್ಚ್‌ನಲ್ಲಿ ಭೂಕಂಪ ಆಗಿ ಮಾಂಡಲೆ, ಸಗಾಯಿಂಗ್ ಕಡೆ ಸಾವಿರಾರು ಜನ ಸತ್ತರು. ಅವಶೇಷದಡಿ ಜನರನ್ನು ಹುಡುಕುತ್ತಿದ್ದಾಗಲೂ ಸೈನ್ಯದ ವಿಮಾನಗಳು ಬಾಂಬ್ ಹಾಕುತ್ತಿದ್ದವು. 2024ರಿಂದ ಹದಿನೆಂಟು ತುಂಬಿದ ಹುಡುಗರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಹಿಡಿದುಕೊಂಡು ಹೋಗುತ್ತಿದ್ದಾರೆ. ತಪ್ಪಿಸಿಕೊಳ್ಳಲು ಹುಡುಗರು ಥಾಯ್ಲೆಂಡ್ ಗಡಿ ದಾಟುತ್ತಿದ್ದಾರೆ. ಅವರ ಅಪ್ಪ ಅಮ್ಮ ಹೋಗಿ ಮತ ಹಾಕಿ ಬಂದರೆ ದೇಶ ಮಾಮೂಲಿಗೆ ಬಂತು ಅಂತ ಲೆಕ್ಕವಂತೆ. ಯಾರಿಗೆ ಹೇಳ್ತೀರಿ ಇದನ್ನ?