ನ್ಯಾಂಬರ್‌ನ ತೂಕದ ಬಾಟಲಿಯೂ ಕಲಬುರಗಿಯ ಬಿಸಿಲೂ

ನಾನು ಹದಿನಾಲ್ಕು ವರ್ಷಗಳಿಂದ ವಾಸವಾಗಿರುವ ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಿಂದ ಉತ್ತರಕ್ಕೆ ಸುಮಾರು ನೂರು ಕಿಲೋಮೀಟರು ಹೋದರೆ ನ್ಯಾಂಬರ್ ಎಂಬ ಊರು ಸಿಗುತ್ತದೆ. ಒಂದು ಕಾಲಕ್ಕೆ ಅದು ಕಬ್ಬಿನ ಊರು. ಕಬ್ಬು ಹೊತ್ತ ಪುಟ್ಟ ರೈಲು ಪೇಟೆಯ ನಡುಬೀದಿಯಲ್ಲೇ ಹಾದು ಸಕ್ಕರೆ ಕಾರ್ಖಾನೆ ಸೇರುತ್ತಿತ್ತು, 2003ರಲ್ಲಿ ಆ ಕಾರ್ಖಾನೆಯೂ ಮುಚ್ಚಿತು. ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲದ ಈ ಊರಿನ ಹೆಸರು ಚರ್ಮರೋಗ ತಜ್ಞರಿಗೆ ಮಾತ್ರ ಚೆನ್ನಾಗಿ ಗೊತ್ತು. ಸನ್‌ಸ್ಕ್ರೀನ್ ದಿನವೂ ಹಚ್ಚಿದರೆ ಚರ್ಮದ ಕ್ಯಾನ್ಸರ್ ನಿಜವಾಗಿ ಕಡಿಮೆಯಾಗುತ್ತದೆಯೇ ಎಂಬ ಪ್ರಶ್ನೆಗೆ, ಜನರ ನಡುವೆಯೇ ಪ್ರಯೋಗ ಮಾಡಿ ಉತ್ತರ ಕಂಡುಕೊಂಡ ಊರು ಇದು.

ಕಲಬುರಗಿಯವನಾದ ನನಗೆ ಈ ಪ್ರಯೋಗದ ಫಲಿತಾಂಶಕ್ಕಿಂತ ಅದನ್ನು ನಡೆಸಿದ ಬಗೆಯೇ ಹೆಚ್ಚು ಕಾಡಿದೆ. ಮತದಾನ ಕಡ್ಡಾಯವಾಗಿರುವ ಆ ದೇಶದಲ್ಲಿ ಮತದಾರರ ಪಟ್ಟಿಯೆಂದರೆ ಊರಿನ ವಯಸ್ಕರ ಪಟ್ಟಿ ಎಂದೇ ಅರ್ಥ. 1986ರಲ್ಲಿ ಸಂಶೋಧಕರು ಆ ಪಟ್ಟಿಯಿಂದ ಚೀಟಿ ಎತ್ತಿದಂತೆ ಹೆಸರುಗಳನ್ನು ಆರಿಸಿ ಜನರ ಚರ್ಮ ಪರೀಕ್ಷೆ ಮಾಡಿದರು. ಅವರಲ್ಲಿ 1621 ಮಂದಿಯನ್ನು 1992ರಲ್ಲಿ ಪ್ರಯೋಗಕ್ಕೆ ಸೇರಿಸಿಕೊಂಡು, ಅರ್ಧದಷ್ಟು ಜನರಿಗೆ ಎಸ್‌ಪಿಎಫ್ (ಬಿಸಿಲಿನಿಂದ ಎಷ್ಟು ರಕ್ಷಣೆ ಎಂದು ಹೇಳುವ ಅಂಕಿ) 16ರ ಸನ್‌ಸ್ಕ್ರೀನ್ ಕೊಟ್ಟು, ಪ್ರತಿ ಮುಂಜಾನೆ ತಲೆ, ಕತ್ತು, ತೋಳು, ಕೈಗಳಿಗೆ ಹಚ್ಚಿಕೊಳ್ಳುವಂತೆ ಹೇಳಿದರು. ಉಳಿದವರು ತಮ್ಮ ಎಂದಿನ ರೂಢಿಯಂತೆಯೇ ಇದ್ದರು. ಔಷಧಿಯಿಲ್ಲದ ಸುಳ್ಳು ಮುಲಾಮು ಕೊಟ್ಟು ಜನರನ್ನು ಬಿಸಿಲಿಗೆ ಬಿಡುವುದು ಸರಿಯಲ್ಲವೆಂದು ಅದನ್ನು ಕೈಬಿಟ್ಟಿದ್ದರು. ಮೂರು ತಿಂಗಳಿಗೊಮ್ಮೆ ಜನ ತಮ್ಮ ಬಾಟಲಿ ತಂದುಕೊಡುತ್ತಿದ್ದರು, ಸಂಶೋಧಕರು ಅದನ್ನು ತಕ್ಕಡಿಗೆ ಇಡುತ್ತಿದ್ದರು. "ದಿನಾ ಹಚ್ಚುತ್ತೇನೆ" ಎಂಬ ಮಾತು ಎಷ್ಟು ನಿಜವೆಂಬುದನ್ನು ಕಡಿಮೆಯಾದ ತೂಕ ಹೇಳುತ್ತಿತ್ತು. ಚರ್ಮ ಎಷ್ಟು ಮುಪ್ಪಾಗಿದೆ ಎಂದು ಅಳೆಯಲು ಎಡಗೈಯ ಹಿಂಭಾಗಕ್ಕೆ ಸಿಲಿಕೋನ್ ಹಚ್ಚಿ ಅಚ್ಚು ತೆಗೆದುಕೊಂಡರು. ಹೆಬ್ಬೆಟ್ಟಿನ ಗುರುತು ತೆಗೆದುಕೊಂಡಷ್ಟೇ ಸರಳವಾದ ಕೆಲಸ.

ಫಲ ಹೀಗಿತ್ತು. ದಿನವೂ ಹಚ್ಚಿದವರಲ್ಲಿ ಚರ್ಮದ ಕ್ಯಾನ್ಸರಿನ ಒಂದು ಬಗೆಯಾದ ಸ್ಕ್ವಾಮಸ್ ಕೋಶದ ಕ್ಯಾನ್ಸರ್ ಗಡ್ಡೆಗಳು ಸುಮಾರು 40 ಶೇಕಡ ಕಡಿಮೆಯಾದವು. ಇನ್ನೊಂದು ಬಗೆಯಾದ ಬೇಸಲ್ ಕೋಶದ ಕ್ಯಾನ್ಸರಿನಲ್ಲಿ ಆ ಅವಧಿಯಲ್ಲಿ ವ್ಯತ್ಯಾಸ ಕಾಣಲಿಲ್ಲ, ಕಾಣಲಿಲ್ಲವೆಂಬುದನ್ನೂ ಅವರು ಹಾಗೆಯೇ ಬರೆದರು. ಪ್ರಯೋಗ ಮುಗಿದ ಮೇಲೂ ಹತ್ತು ವರ್ಷ ಅದೇ ಜನರ ಬೆನ್ನು ಬಿಡದೆ ನೋಡಿ, ಎಂದಿನ ರೂಢಿಯ ಗುಂಪಿನಲ್ಲಿ 22 ಹೊಸ ಮೆಲನೋಮಾ (ಚರ್ಮದ ಕ್ಯಾನ್ಸರುಗಳಲ್ಲಿ ಹೆಚ್ಚು ಅಪಾಯದ್ದು), ದಿನವೂ ಹಚ್ಚಿದ ಗುಂಪಿನಲ್ಲಿ 11 ಎಂದು 2011ರಲ್ಲಿ ಪ್ರಕಟಿಸಿದರು. 2013ರಲ್ಲಿ ಕೈಯ ಅಚ್ಚುಗಳ ಲೆಕ್ಕವೂ ಬಂದಿತು. 1986ರ ಒಂದು ಪಟ್ಟಿ ಇಪ್ಪತ್ತೇಳು ವರ್ಷಗಳ ನಂತರವೂ ಉತ್ತರ ಕೊಡುತ್ತಿತ್ತು.

ಈಗ ನನ್ನ ಊರಿನ ಮಾತಿಗೆ ಬರುತ್ತೇನೆ. ಕಲಬುರಗಿ ಇರುವುದು ಹದಿನೇಳು ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಮೇ ತಿಂಗಳ ಎರಡನೆಯ ವಾರದ ಹೊತ್ತಿಗೆ ಮತ್ತು ಆಗಸ್ಟ್ ಮೊದಲ ವಾರದಲ್ಲಿ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲೆ ಬಂದು, ನೆಟ್ಟ ಕೋಲಿನ ನೆರಳು ಕೋಲಿನ ಬುಡದಲ್ಲೇ ಅಡಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ಸಮಯವನ್ನು ಮುಂಜಾನೆ ಎಂಟರಿಂದ ಮಧ್ಯಾಹ್ನ ಒಂದೂವರೆಗೆ ಬದಲಿಸಬೇಕಾಗುವ ನಾಡು ನಮ್ಮದು. ಆದರೆ ಆ ಆದೇಶ ತೊಗರಿ ಹೊಲದ ಕೂಲಿಗೂ ಶಹಾಬಾದಿನ ಕಲ್ಲುಗಣಿಗೂ ಅನ್ವಯಿಸುವುದಿಲ್ಲ. ಇಷ್ಟು ಬಿಸಿಲಿನ ಕೆಳಗೆ ದುಡಿಯುವ ಜನರ ಚರ್ಮದ ಮೇಲೆ ಆ ಬಿಸಿಲು ವರ್ಷಾನುವರ್ಷ ಏನು ಮಾಡುತ್ತದೆ ಎಂಬ ಪ್ರಶ್ನೆಯನ್ನು ನ್ಯಾಂಬರ್‌ನಂತೆ ಪಟ್ಟಿ ಹಿಡಿದು, ತಕ್ಕಡಿ ಇಟ್ಟು, ದಶಕಗಟ್ಟಲೆ ಬೆನ್ನುಹತ್ತಿ ಕೇಳುವುದಕ್ಕೆ ಕಲಬುರಗಿಗಿಂತ ತಕ್ಕ ಸ್ಥಳ ಕರ್ನಾಟಕದಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ದೃಢವಾದ ಅನಿಸಿಕೆ.

ಹೀಗೆಂದ ಮಾತ್ರಕ್ಕೆ ಆಸ್ಟ್ರೇಲಿಯಾದ ಉತ್ತರವನ್ನೇ ಇಲ್ಲಿಗೆ ಹೊತ್ತು ತರಬೇಕೆಂದು ನಾನು ಹೇಳುತ್ತಿಲ್ಲ. ಅಲ್ಲಿನ ಜನರಲ್ಲಿ ಮೂವರಲ್ಲಿ ಇಬ್ಬರಿಗೆ ಎಪ್ಪತ್ತು ವರ್ಷದೊಳಗೆ ಒಂದಲ್ಲ ಒಂದು ಬಗೆಯ ಚರ್ಮದ ಕ್ಯಾನ್ಸರ್ ಬರುತ್ತದೆ. ನನ್ನ ಪಕ್ಕದ ಮನೆಯ ಹಿರಿಯರು ವರ್ಷಕ್ಕೊಮ್ಮೆ ತಪ್ಪದೆ ಚರ್ಮ ತಪಾಸಣೆಗೆ ಹೋಗುತ್ತಾರೆ, ಅವರ ಮೂಗಿನ ತುದಿಯಲ್ಲಿ ದ್ರವ ಸಾರಜನಕದಿಂದ ಸುಟ್ಟ ಗುರುತು ಸದಾ ಇರುತ್ತದೆ. ನನ್ನ ಮಗಳ ಶಾಲೆಯಲ್ಲಿ ಟೋಪಿ ಇಲ್ಲದ ಮಗುವಿಗೆ ಬಯಲಿನಲ್ಲಿ ಆಟವಿಲ್ಲ. ಆ ಕ್ರಮಗಳೆಲ್ಲ ಆ ಚರ್ಮಕ್ಕೆ ಬೇಕಾದವು. ಕಪ್ಪು, ಕಂದು ಮೈಬಣ್ಣದವರಿಗೆ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಹುಟ್ಟಿನಿಂದಲೇ ಒಂದಿಷ್ಟು ಕಾವಲು ಕೊಟ್ಟಿರುತ್ತದೆ. ನಮ್ಮಲ್ಲಿ ಅಪರೂಪಕ್ಕೆ ಬರುವ ಮೆಲನೋಮಾ ಕೂಡ ಹೆಚ್ಚಾಗಿ ಕಾಣಿಸಿಕೊಳ್ಳುವುದು ಬಿಸಿಲು ತಾಕದ ಅಂಗಾಲಿನಲ್ಲಿ. ಆಸ್ಟ್ರೇಲಿಯಾದ ತಜ್ಞರೇ ಇತ್ತೀಚಿನ ತಮ್ಮ ಮಾರ್ಗಸೂಚಿಯಲ್ಲಿ ಜನರನ್ನು ಚರ್ಮದ ಬಣ್ಣ ಮತ್ತು ಅಪಾಯಕ್ಕೆ ತಕ್ಕಂತೆ ಮೂರು ಗುಂಪು ಮಾಡಿ, ಗಾಢವರ್ಣದವರು ದಿನನಿತ್ಯ ಸನ್‌ಸ್ಕ್ರೀನ್ ಹಚ್ಚಲೇಬೇಕಾಗಿಲ್ಲ, ಬಹಳ ಹೊತ್ತು ಹೊರಗಿರುವಾಗ ಕಾಪಾಡಿಕೊಂಡರೆ ಸಾಕು ಎಂದಿದ್ದಾರೆ. ಹಾಗಿರುವಾಗ ಅಲ್ಲಿನ ಜಾಹೀರಾತನ್ನು ಕನ್ನಡಕ್ಕೆ ತಿರುಗಿಸಿ ಕಲಬುರಗಿಯಲ್ಲಿ ಹಾಕುವುದರಿಂದ ಔಷಧಿ ಅಂಗಡಿಗೆ ಲಾಭವಾದೀತು, ಹೊಲದವರಿಗೆ ಆಗದು.

ಖರ್ಚಿನ ಲೆಕ್ಕವನ್ನೂ ನೋಡಬೇಕು. ಡಬ್ಬಿಯ ಮೇಲೆ ಬರೆದಷ್ಟು ರಕ್ಷಣೆ ಸಿಗಬೇಕಾದರೆ ಮುಖ, ಕತ್ತಿಗೆ ಒಂದು ಚಮಚ, ಒಂದೊಂದು ತೋಳಿಗೆ ಒಂದೊಂದು ಚಮಚ ಬೇಕು, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬರೀ ಒಂದು ಸಲಕ್ಕೇ ಹದಿನೈದು ಮಿಲಿಲೀಟರು ಆಯಿತು. ದಿನಕ್ಕೆ ಒಂದೇ ಸಲ ಹಚ್ಚಿದರೂ ಐವತ್ತು ಮಿಲಿಲೀಟರಿನ ಟ್ಯೂಬು ಮೂರು ದಿನಕ್ಕಷ್ಟೇ ಬರುತ್ತದೆ. ಅದರ ಬೆಲೆ ಕೆಲವು ನೂರು ರೂಪಾಯಿ. 2024-25ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟ ಮೇಲೆ ಹೆಚ್ಚು ಮಾತು ಬೇಕಿಲ್ಲ.

ಆದರೆ ಬಿಸಿಲು ನಮಗೆ ಏನೂ ಮಾಡುವುದಿಲ್ಲ ಎಂಬುದೂ ತಪ್ಪು. ಆಳಂದ ತಾಲ್ಲೂಕಿನಲ್ಲಿರುವ ನನ್ನ ಚಿಗವ್ವನ ಎರಡೂ ಗಲ್ಲದ ಮೇಲೆ ಬಂಗು ಬಂದು ಇಪ್ಪತ್ತು ವರ್ಷವಾಯಿತು. ಕ್ಯಾನ್ಸರಿನ ಭಯ ಆಕೆಗಿಲ್ಲ, ಮದುವೆ, ಜಾತ್ರೆಗೆ ಹೋದಾಗ ಜನ ಮಾರಿ ನೋಡಿ "ಏನಾಗ್ಯದ?" ಎಂದು ಕೇಳುವುದೇ ಆಕೆಯ ನೋವು. ಒಂದು ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆ ಕೊಟ್ಟ ಮುಲಾಮನ್ನು ಎರಡು ವರ್ಷ ಹಚ್ಚಿದಳು. ಮೊದಲ ತಿಂಗಳು ಮುಖ ತಿಳಿಯಾಯಿತು, ಆಮೇಲೆ ಚರ್ಮ ತೆಳ್ಳಗಾಗಿ ಕೆಂಪು ನರಗಳು ಎದ್ದು, ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವುದೂ ಕಷ್ಟವಾಯಿತು. ಖಾಲಿ ಟ್ಯೂಬನ್ನು ನನಗೆ ತೋರಿಸಿದಾಗ ಅದರಲ್ಲಿ ಸ್ಟೆರಾಯ್ಡ್ ಇದ್ದುದನ್ನು ಓದಿದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಪಟ್ಟಿಗೆ ಸೇರಿಸಿತು, ಆದರೆ ಊರಿನ ಅಂಗಡಿಯ ಕಟ್ಟೆಯವರೆಗೆ ಆ ಮಾತು ಇಳಿದಿಲ್ಲ. ನಾನು ಬ್ರಿಸ್ಬೇನಿನಿಂದ ಒಯ್ದ ಬಿಳಿ ಸನ್‌ಸ್ಕ್ರೀನನ್ನು ಚಿಗವ್ವ ಒಂದೇ ದಿನ ಹಚ್ಚಿ ಕನ್ನಡಿ ನೋಡಿ, "ಬೂದಿ ಬಡಕೊಂಡಂಗ ಕಾಣತದಲ್ಲೋ ತಮ್ಮಾ, ಇದನ್ನ ಹಚಗೊಂಡು ಹೊಲಕ್ಕ ಹ್ಯಾಂಗ ಹೋಗಲಿ?" ಎಂದಳು. ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ.

ಆಕೆಯ ಮಾತಿನಲ್ಲಿ ಒಂದು ಸಂಶೋಧನೆಯ ವಿಷಯವೇ ಇದೆ ಎಂದು ನನಗೆ ಆಮೇಲೆ ಹೊಳೆಯಿತು. ಬಂಗು ಗಾಢವಾಗುವುದಕ್ಕೆ ನೇರಳಾತೀತ ಕಿರಣಗಳ ಜೊತೆಗೆ ಕಣ್ಣಿಗೆ ಕಾಣುವ ಬೆಳಕೂ ಕಾರಣ. ಸಾಮಾನ್ಯ ಸನ್‌ಸ್ಕ್ರೀನ್ ಆ ಬೆಳಕನ್ನು ತಡೆಯುವುದಿಲ್ಲ, ಕಬ್ಬಿಣದ ಆಕ್ಸೈಡ್ ಬೆರೆಸಿದ ಮಣ್ಣುಬಣ್ಣದ ಸನ್‌ಸ್ಕ್ರೀನ್ ತಡೆಯುತ್ತದೆ. ಅದು ನಮ್ಮ ಮೈಬಣ್ಣದ ಮೇಲೆ ಬೂದಿಯಂತೆ ಕಾಣುವುದೂ ಇಲ್ಲ. ಆಳಂದ, ಜೇವರ್ಗಿ, ಸೇಡಂ ಕಡೆಯ ಹೊಲಗೆಲಸದ ಹೆಣ್ಣುಮಕ್ಕಳು ಇಂಥದ್ದನ್ನು ಒಂದು ವರ್ಷ ನಿಜವಾಗಿ ಬಳಸುತ್ತಾರೆಯೇ, ಬಳಸಿದರೆ ಬಂಗು ಎಷ್ಟು ಇಳಿಯುತ್ತದೆ, ಬರೀ ಸೆರಗನ್ನು ಮುಖಕ್ಕೆ ಮುಂದೆಳೆದುಕೊಂಡವರಿಗಿಂತ ಹೆಚ್ಚು ಇಳಿಯುತ್ತದೆಯೇ ಎಂದು ಕೇಳುವುದಕ್ಕೆ ಬೇಕಾಗುವುದು ಒಂದು ಪಟ್ಟಿ, ಒಂದು ತಕ್ಕಡಿ, ಒಂದು ಕ್ಯಾಮೆರಾ ಮತ್ತು ತಾಳ್ಮೆ.

ಸೆರಗಿನ ಮಾತನ್ನು ನಾನು ಹಗುರವಾಗಿ ತೆಗೆಯಲಿಲ್ಲ. ಬಟ್ಟೆ ಎಷ್ಟು ನೇರಳಾತೀತ ಕಿರಣ ತಡೆಯುತ್ತದೆ ಎಂದು ಅಳೆಯುವ ಮಾನದಂಡವನ್ನು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ 1996ರಲ್ಲಿ ರೂಪಿಸಿದವು. ನೇಯ್ಗೆ ಒತ್ತಾಗಿದ್ದಷ್ಟೂ ಬಣ್ಣ ಗಾಢವಾಗಿದ್ದಷ್ಟೂ ರಕ್ಷಣೆ ಹೆಚ್ಚು, ತೆಳ್ಳನೆಯ ಹತ್ತಿ ಬಟ್ಟೆ ಬೆವರಿನಿಂದ ಒದ್ದೆಯಾದರೆ ರಕ್ಷಣೆ ಇಳಿಯುತ್ತದೆ. ನಮ್ಮ ರೈತ ಸುತ್ತುವ ರುಮಾಲು, ಲಂಬಾಣಿ ಹೆಣ್ಣುಮಕ್ಕಳ ಕಸೂತಿಯ ದಪ್ಪ ಬಟ್ಟೆ, ಒಗೆದೊಗೆದು ಜಾಳಾದ ಹತ್ತಿ ಸೀರೆ ಇವುಗಳನ್ನೂ ಇದೇ ಮಾನದಂಡದಲ್ಲಿ ಅಳೆದು, ಯಾವುದು ಸಾಕು, ಯಾವುದು ಸಾಲದು ಎಂದು ನಮ್ಮ ದವಾಖಾನೆಯೇ ನಮಗೆ ಹೇಳಬಹುದಲ್ಲವೇ?

ಈ ಭಾಗಕ್ಕೆ ಇಂಥ ಸಂಶೋಧನೆ ಹೊಸದೂ ಅಲ್ಲ. ಜೋಳವನ್ನೇ ಹೆಚ್ಚಾಗಿ ಉಣ್ಣುವ ದಖ್ಖನದ ಬಡವರಲ್ಲಿ ಬಿಸಿಲು ತಾಕಿದ ಕತ್ತು, ಕೈ, ಕಾಲುಗಳ ಚರ್ಮ ಕಪ್ಪಾಗಿ ಸುಲಿಯುವ ಪೆಲಾಗ್ರ ಏಕೆ ಬರುತ್ತದೆ ಎಂದು ಹೈದರಾಬಾದಿನ ಪೌಷ್ಟಿಕತೆಯ ಸಂಶೋಧನಾಲಯದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಾಂತಿಯಾ ಕೇಳಿದರು, ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲ ಇದಕ್ಕೆ ಕಾರಣವಿರಬಹುದೆಂದು 1960ರಲ್ಲಿ ಬರೆದರು. ಆ ವಾದದ ಬಗ್ಗೆ ಮುಂದೆ ಭಿನ್ನಾಭಿಪ್ರಾಯ ಬಂದರೂ, ನಾವು ತಟ್ಟೆಯಲ್ಲಿ ಇಟ್ಟುಕೊಂಡ ರೊಟ್ಟಿಯಿಂದ ಪ್ರಶ್ನೆ ಎತ್ತಿ ಜಗತ್ತಿನ ಮುಂದೆ ಇಟ್ಟ ಧೈರ್ಯ ದೊಡ್ಡದು. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಕಥೆ ಇನ್ನೂ ಹತ್ತಿರದ್ದು. ಹಳೆಯ ಚಿನ್ನದ ಗಣಿಯ ಆ ಪ್ರದೇಶದಲ್ಲಿ ಕೊಳವೆಬಾವಿ ನೀರಿನ ಆರ್ಸೆನಿಕ್ ಎಂಬ ವಿಷ ಜನರ ಚರ್ಮಕ್ಕೆ ಹತ್ತಿದ್ದನ್ನು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅದರ ಮುಂಚೂಣಿಯಲ್ಲಿದ್ದವರು ಬಂಗಾಳದ ಜಾದವಪುರ ವಿಶ್ವವಿದ್ಯಾಲಯದವರು. ಅವರಿಗೆ ನಾನು ಕೃತಜ್ಞ. ಆದರೆ ಅಂಗೈ ಅಂಗಾಲಿನಲ್ಲಿ ಗಂಟು ಎದ್ದ ರೋಗಿ ಮೊದಲು ಹತ್ತುವುದು ನಮ್ಮ ಜಿಲ್ಲೆಯ ಆಸ್ಪತ್ರೆಯ ಮೆಟ್ಟಿಲು, ಅಲ್ಲಿಯೇ ಆ ಪ್ರಶ್ನೆ ಹುಟ್ಟಬೇಕಾಗಿತ್ತು ಎಂಬ ಕೊರಗು ನನ್ನಲ್ಲಿ ಉಳಿದಿದೆ.

ಕಲಬುರಗಿಯಲ್ಲಿ ಈಗ ವೈದ್ಯರ ಕೊರತೆ ಮೊದಲಿನಷ್ಟಿಲ್ಲ. 1963ರಲ್ಲಿ ಆರಂಭವಾದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಇದೆ, ಸರ್ಕಾರಿ ಜಿಮ್ಸ್ ಇದೆ, ಇಎಸ್‌ಐ ಕಾಲೇಜು, ಖಾಜಾ ಬಂದಾನವಾಜ್ ಹೆಸರಿನ ಕಾಲೇಜು ಇವೆ. ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್. ಸ್ನಾತಕೋತ್ತರ ವಿದ್ಯಾರ್ಥಿ ಪ್ರಬಂಧ ಬರೆಯಲೇಬೇಕು. ಆದರೆ ಕೈಗೆ ಸಿಗುವುದು ಒಂದೂವರೆ ಎರಡು ವರ್ಷ. ಅಷ್ಟರಲ್ಲಿ ಹೊರರೋಗಿಗಳ ವಿಭಾಗಕ್ಕೆ ಬಂದವರನ್ನು ಎಣಿಸಿ, ಕೋಷ್ಟಕ ಹಾಕಿ, ರಟ್ಟು ಕಟ್ಟಿಸಿ ಒಪ್ಪಿಸಿದರೆ ಮುಗಿಯಿತು. ಮುಂದಿನ ವಿದ್ಯಾರ್ಥಿ ಬೇರೆ ವಿಷಯ ಹಿಡಿಯುತ್ತಾನೆ. ದವಾಖಾನೆಗೆ ಬಾರದವರು ಆ ಲೆಕ್ಕದಲ್ಲಿ ಇರುವುದೇ ಇಲ್ಲ. ಒಬ್ಬ ವಿದ್ಯಾರ್ಥಿ ಪಟ್ಟಿ ಮಾಡಿದ ಜನರನ್ನೇ ಅವನ ನಂತರದವನು, ಅವನ ನಂತರದವನು ನೋಡುತ್ತ ಹೋದರೆ ಹತ್ತು ಪ್ರಬಂಧಗಳು ಸೇರಿ ಒಂದು ನ್ಯಾಂಬರ್ ಆಗುತ್ತದೆ. ಇದಕ್ಕೆ ದೊಡ್ಡ ಹಣ ಬೇಡ, ವಿಭಾಗದ ಮುಖ್ಯಸ್ಥರ ಒಂದು ನಿರ್ಧಾರ ಸಾಕು.

ಪಟ್ಟಿಯೂ ನಮ್ಮಲ್ಲಿ ಸಿದ್ಧವಿದೆ. ಮತಗಟ್ಟೆವಾರು ಮತದಾರರ ಪಟ್ಟಿ ಕನ್ನಡದಲ್ಲೇ ಅಚ್ಚಾಗುತ್ತದೆ, ಆಶಾ ಕಾರ್ಯಕರ್ತೆಯ ಬಳಿ ಮನೆಮನೆಯ ಲೆಕ್ಕವಿದೆ. ನಮ್ಮ ಕಷ್ಟ ಬೇರೆ: ಪಟ್ಟಿಯಲ್ಲಿರುವ ಜನ ಸುಗ್ಗಿ ಮುಗಿದೊಡನೆ ಮುಂಬೈ, ಪುಣೆ, ಹೈದರಾಬಾದು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ. ಅವರು ಊರಿಗೆ ಬರುವ ದಿನವನ್ನು ನಾವು ಹಿಡಿಯಬೇಕು. ಎಳ್ಳಮಾವಾಸ್ಯೆಗೆ ಭಜ್ಜಿ, ಸಜ್ಜಿರೊಟ್ಟಿ ಕಟ್ಟಿಕೊಂಡು ಊರಿಗೂರೇ ಹೊಲಕ್ಕೆ ಇಳಿಯುತ್ತದೆ. ಆ ದಿನದ ಹಿಂದುಮುಂದೆ ವೈದ್ಯರು ತಕ್ಕಡಿ, ಕ್ಯಾಮೆರಾ ಹಿಡಿದು ಊರಿಗೇ ಹೋದರೆ, ಮೂರು ತಿಂಗಳಿಗೊಮ್ಮೆ ಆಗದಿದ್ದರೂ ವರ್ಷಕ್ಕೊಮ್ಮೆ ಅದೇ ಮುಖಗಳು ಸಿಗುತ್ತವೆ. ಕೂಲಿ ಬಿಟ್ಟು ದವಾಖಾನೆಗೆ ಬರಬೇಕಾದವರಿಗೆ ಆ ದಿನದ ಕೂಲಿಯನ್ನು ಕಟ್ಟಿಕೊಡಬೇಕು. ಒಪ್ಪಿಗೆ ಪತ್ರವನ್ನು ಇಂಗ್ಲಿಷಿನಲ್ಲಿ ಮುಂದಿಟ್ಟು ಹೆಬ್ಬೆಟ್ಟು ಒತ್ತಿಸಿಕೊಳ್ಳದೆ, ಅವರ ಮಾತಿನಲ್ಲೇ ಓದಿ ಹೇಳಬೇಕು. ಕನ್ನಡದ ಜೊತೆ ಲಂಬಾಣಿ, ದಖನಿ ಉರ್ದು ಬಲ್ಲವರೂ ತಂಡದಲ್ಲಿರಬೇಕು. ಕೊನೆಗೆ ಏನು ತಿಳಿಯಿತು ಎಂಬುದನ್ನು ಅದೇ ಊರಿನ ಕಟ್ಟೆಯ ಮೇಲೆ ಕುಳಿತು ಹೇಳಬೇಕು.

ಕೂಡಲೇ ಮಾಡಬೇಕಾದ ಒಂದು ಕೆಲಸಕ್ಕೆ ಮಾತ್ರ ಯಾವ ಪ್ರಯೋಗವೂ ಬೇಡ. ಹುಟ್ಟಿನಿಂದಲೇ ಮೈಯಲ್ಲಿ ಬಣ್ಣ ತಯಾರಾಗದ ಮಕ್ಕಳಿಗೆ ಈ ಬಿಸಿಲು ನಿಜಕ್ಕೂ ಕ್ಯಾನ್ಸರ್ ತರುತ್ತದೆ. ಅವರನ್ನು ತಾಲ್ಲೂಕುವಾರು ಗುರುತಿಸಿ ಸನ್‌ಸ್ಕ್ರೀನ್, ಅಗಲ ಅಂಚಿನ ಟೋಪಿ, ಕನ್ನಡಕಗಳನ್ನು ಆಸ್ಪತ್ರೆಯಿಂದ ಉಚಿತವಾಗಿ ಕೊಡಬೇಕು. ಆಸ್ಟ್ರೇಲಿಯಾದಲ್ಲಿ ಸನ್‌ಸ್ಕ್ರೀನನ್ನು ಔಷಧಿಯ ಸಾಲಿನಲ್ಲಿಟ್ಟು ನಿಯಂತ್ರಿಸುತ್ತಾರೆ, ನಮ್ಮಲ್ಲಿ ಅದು ಸೌಂದರ್ಯವರ್ಧಕ. ಈ ಮಕ್ಕಳ ಪಾಲಿಗಾದರೂ ಅದು ಔಷಧಿಯೇ.

ಕಳೆದ ಸಲ ಊರಿಗೆ ಹೋದಾಗ ನ್ಯಾಂಬರ್‌ನ ಬಾಟಲಿಗಳ ಕಥೆಯನ್ನು ಚಿಗವ್ವನಿಗೆ ಹೇಳಿದೆ. ತೂಕ ಮಾಡಿ ನೋಡುತ್ತಿದ್ದರೆಂದು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮೂರಾಗ ಅಂಥಾದ್ದು ನಡದರ ಮೊದಲು ನನ್ನ ಹೆಸರು ಬರಕೋ ಅನ್ನು. ನಾ ಖರೇನೇ ಹಚ್ಚತೀನಿ, ಬೂದಿಯಂಗ ಕಾಣಬಾರದು ಅಷ್ಟೇ" ಎಂದಳು.