ಮಡೋನಾಗೆ ಎಷ್ಟು ವಯಸ್ಸು ಅಂತ ನಮಗೂ ಗೊತ್ತು

ಅಮೆರಿಕದ ಪಾಪ್ ಗಾಯಕಿ ಮಡೋನಾ ಹುಟ್ಟಿದ್ದು 1958ರಲ್ಲಿ. ಇದನ್ನು ಹೇಳೋಕೆ ಸಂಗೀತ ವಿಮರ್ಶಕರೇ ಆಗಬೇಕಿಲ್ಲ. ಆದರೂ ಆಕೆಯ ಹೊಸ ಆಲ್ಬಂ ಬಂದಾಗಲೆಲ್ಲ ಎಷ್ಟೋ ವಿಮರ್ಶೆಗಳಲ್ಲಿ ಹಾಡಿಗಿಂತ ಮೊದಲು ವಯಸ್ಸು ಬಂದು ಕೂತಿರುತ್ತದೆ. ಅದರ ಬೆನ್ನಿಗೇ ಅಭಿಮಾನಿಗಳ ದಂಡು ಇಳಿಯುತ್ತದೆ. ಬರೆದವನ ಜಾತಕ ಜಾಲಾಡುವುದು, ಅವನು ಹತ್ತು ವರ್ಷದ ಹಿಂದೆ ಯಾರನ್ನು ಹೊಗಳಿದ್ದ ಅಂತ ಸ್ಕ್ರೀನ್‌ಶಾಟ್ ತೆಗೆಯುವುದು, 'ಇವನಿಗೆ ಕಿವಿ ಇದೆಯಾ' ಅಂತ ಕೇಳುವುದು. ನಾನು ಆ ದಂಡಿನಲ್ಲೇ ಇರುವವಳು. ಮಡಿಕೇರಿಯಲ್ಲಿ ಕೂತು ಇವಳಿಗ್ಯಾಕೆ ಮಡೋನಾ ಉಸಾಬರಿ ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು, ಬರಹ ಉದ್ದ ಇದೆ.

ಸಿಟ್ಟು ಬರುವುದರಲ್ಲಿ ತಪ್ಪೇನೂ ಇಲ್ಲ. 2023ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ರಾಕ್ ತಂಡ ರೋಲಿಂಗ್ ಸ್ಟೋನ್ಸ್‌ನವರು ಹೊಸ ಆಲ್ಬಂ ತಂದರು. ಅದರ ಗಾಯಕ ಮಿಕ್ ಜ್ಯಾಗರ್‌ಗೆ ಆಗ 80. ಬಂದ ವಿಮರ್ಶೆಗಳಲ್ಲಿ ಆ ಎಂಬತ್ತು ಒಂದು ಬಿರುದಿನ ಹಾಗೆ ಮೆರೆಯಿತು. ಈ ವಯಸ್ಸಲ್ಲೂ ಎಂಥ ಹುರುಪು, ಎಂಥ ಗಂಟಲು! ಮಡೋನಾಗೆ ಐವತ್ತಾರಾಗಿದ್ದಾಗ, 2015ರಲ್ಲಿ, ಬಿಬಿಸಿ ರೇಡಿಯೊ 1 ಆಕೆಯ ಹೊಸ ಹಾಡನ್ನು ತನ್ನ ಪ್ರಸಾರದ ಪಟ್ಟಿಗೆ ಸೇರಿಸಲಿಲ್ಲ. ವಯಸ್ಸಿಗೂ ಇದಕ್ಕೂ ಸಂಬಂಧವಿಲ್ಲ, ನಮ್ಮ ಎಳೆಯ ಕೇಳುಗರಿಗೆ ಒಗ್ಗುತ್ತದೋ ಇಲ್ಲವೋ ಅಷ್ಟೇ ನೋಡುತ್ತೇವೆ ಎಂಬರ್ಥದ ಸಮಜಾಯಿಷಿ ಬಂತು. ಅದೇ ವರ್ಷ ಬ್ರಿಟನ್ನಿನ ಸಂಗೀತ ಪ್ರಶಸ್ತಿ ಬ್ರಿಟ್ ಅವಾರ್ಡ್ಸ್‌ನ ವೇದಿಕೆಯಲ್ಲಿ ಉಡುಪಿನ ಗಂಟು ಬಿಚ್ಚದೆ ಆಕೆ ಹಿಮ್ಮುಖವಾಗಿ ಬಿದ್ದು, ಎದ್ದು, ಹಾಡು ಮುಗಿಸಿದಳು. ಎದ್ದು ಹಾಡಿದ್ದಕ್ಕಿಂತ 'ಅಜ್ಜಿ ಬಿದ್ದಳು' ಅನ್ನುವ ಜೋಕೇ ಜಾಸ್ತಿ ಓಡಿತು. ಮರುವರ್ಷ ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್‌ನ ಪ್ರಶಸ್ತಿ ತಗೊಂಡು ಮಾತಾಡುವಾಗ, ಹೆಣ್ಣಿಗೆ ವಯಸ್ಸಾಗುವುದೇ ಇಲ್ಲಿ ಪಾಪ ಅಂತ ಆಕೆಯೇ ಹೇಳಿದಳು. ಗಂಡಸಿಗೆ ಹಾರ, ಹೆಂಗಸಿಗೆ ಬೈಗುಳ. ಎಣಿಸುವುದು ಮಾತ್ರ ಅದೇ ವರ್ಷಗಳನ್ನು.

ಇಲ್ಲಿಯವರೆಗೆ ನಾನು ದಂಡಿನ ಜೊತೆ. ಇನ್ನು ಮುಂದಕ್ಕೆ ಇಲ್ಲ.

ಯಾಕೆಂದರೆ ನಮ್ಮವರು ವಯಸ್ಸಿನ ಮಾತಾಡಿದವನನ್ನೂ ಹಾಡಿನ ಮಾತಾಡಿದವನನ್ನೂ ಒಂದೇ ಕೋಲಿನಲ್ಲಿ ಹೊಡೆಯುತ್ತಾರೆ. ಹತ್ತಕ್ಕೆ ಆರು ಕೊಟ್ಟನೋ, ಮುಗಿಯಿತು. ಆರು ಯಾಕೆ ಅಂತ ಓದುವ ತಾಳ್ಮೆ ಯಾರಿಗೂ ಇಲ್ಲ. ಇದನ್ನು ನೋಡಿದಾಗ ನನಗೆ ನಮ್ಮೂರ ದಸರಾ ನೆನಪಾಗುತ್ತದೆ. ವಿಜಯದಶಮಿ ರಾತ್ರಿ ಹತ್ತು ದೇವಸ್ಥಾನಗಳ ಹತ್ತು ಮಂಟಪ ಹೊರಡುತ್ತವಲ್ಲ, ಟ್ರ್ಯಾಕ್ಟರಿನ ಮೇಲೆ ಅಸುರರೂ ದೇವಿಯೂ ಹೊಗೆಯೂ ಬೆಂಕಿಯೂ, ಬೆಳಗಿನ ಜಾವದವರೆಗೆ. ತೀರ್ಪುಗಾರರು ಚಳಿಯಲ್ಲಿ, ಕೆಲವು ವರ್ಷ ಮಳೆಯಲ್ಲಿ, ಕಾಗದ ನೆನೆಯದ ಹಾಗೆ ಹಿಡಿದು ಅಂಕ ಹಾಕುತ್ತಿರುತ್ತಾರೆ. ಬಹುಮಾನ ಗೊತ್ತಾದ ಮೇಲೆ ಕೇಳಬೇಕು. 'ನಮ್ಮದಕ್ಕೆ ಮೊದಲು ಬರಬೇಕಿತ್ತು ಅಣ್ಣ, ಮೋಸ!' ಉಳಿದ ಒಂಬತ್ತರಲ್ಲಿ ಎಷ್ಟು ನೋಡಿದೆ ಮಾರಾಯ ಅಂದರೆ ಉತ್ತರ ಇಲ್ಲ. ಇಡೀ ರಾತ್ರಿ ತನ್ನ ಮಂಟಪದ ಮುಂದೆಯೇ ಕುಣಿದವನು ಬೇರೆಯದನ್ನು ಎಲ್ಲಿಂದ ನೋಡಬೇಕು? ಆದರೆ ಅವನೇ, ತನ್ನ ಮಂಟಪದಲ್ಲಿ ಯಾವ ಕಲಾಕೃತಿಯ ಕೈ ಎತ್ತಲೇ ಇಲ್ಲ, ಎಲ್ಲಿ ಸೌಂಡಿಗೂ ಚಲನೆಗೂ ತಾಳ ತಪ್ಪಿತು ಅಂತ ತೀರ್ಪುಗಾರರಿಗಿಂತ ಚೆನ್ನಾಗಿ ಬಲ್ಲ. ಹೊರಗಿನವರ ಎದುರು ಬಾಯಿ ಬಿಡುವುದಿಲ್ಲ, ಅಷ್ಟೇ.

ಮಡೋನಾ ಅಭಿಮಾನಿಗಳೂ ಹಾಗೇ. ಗುಂಪಿನ ಒಳಗೆ ಆಕೆಯ ಹಾಡಿನ ಬಗ್ಗೆ ನಾವು ಆಡುವಷ್ಟು ಕಟು ಮಾತು ಯಾವ ವಿಮರ್ಶಕನೂ ಆಡಿಲ್ಲ.

2019ರ ಜೂನ್ ನಡುವಿಗೆ ಆಕೆಯ 'ಮೇಡಮ್ ಎಕ್ಸ್' ಆಲ್ಬಂ ಬಂತು. ಹಿಂದಿನ ಆಗಸ್ಟಿನಲ್ಲಿ ನಮ್ಮ ಕೊಡಗಿನಲ್ಲಿ ಗುಡ್ಡ ಕುಸಿದ ಭಯ ಇನ್ನೂ ಇಳಿದಿರಲಿಲ್ಲ, ಮಳೆ ಜೋರಾದರೆ ಎಲ್ಲರ ಕಣ್ಣೂ ಗುಡ್ಡದ ಬರೆಯ ಮೇಲೆ. ಸಂಜೆ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಕೇಳುವ ಹಾಗಿಲ್ಲ. ಫೋನಿನಲ್ಲಿ ಚಾರ್ಜ್ ಇರುವಷ್ಟು ಹೊತ್ತು ಇಯರ್‌ಫೋನ್ ಸಿಕ್ಕಿಸಿ ಕೇಳಿದ ಆಲ್ಬಂ ಅದು. ಮಗನ ಫುಟ್‌ಬಾಲ್ ತರಬೇತಿಗಾಗಿ ಲಿಸ್ಬನ್‌ಗೆ ಹೋಗಿ ನೆಲೆಸಿದ್ದ ಆಕೆ, ಅಲ್ಲಿ ಆಫ್ರಿಕಾದ ಕೇಪ್ ವರ್ಡಿ ದ್ವೀಪಗಳ ಹೆಂಗಸರ ಬಟುಕ್ (ತಾಳ ಬಡಿದು ಹಾಡುವ) ತಂಡವನ್ನು ಕಂಡು ತನ್ನ ಹಾಡಿಗೆ ಕರೆತಂದಳು. ಈಕೆ ಒಂದು ಸಾಲು ಎತ್ತುವುದು, ಆ ಹೆಂಗಸರೆಲ್ಲ ಡೋಲು ಬಡಿಯುತ್ತ ತಿರುಗಿ ಹೇಳುವುದು. ಹೆಂಚಿನ ಮೇಲೆ ಮಳೆ ಅದೇ ಲಯ ಹಿಡಿದ ಹಾಗೆ ಅನ್ನಿಸಿ ರೋಮಾಂಚನ ಆಯಿತು. ಅದೇ ಆಲ್ಬಮ್ಮಿನ ಇನ್ನೊಂದು ಹಾಡಿನ ನಡುವೆ ರಷ್ಯಾದ ಸಂಗೀತಗಾರ ಚೈಕೋವ್ಸ್ಕಿಯ ಬ್ಯಾಲೆ ನೃತ್ಯದ ಸಂಗೀತ ತಂದು ತುರುಕಿ, ಅದರ ಮೇಲೆ ಯಂತ್ರದ ದನಿ ಹಚ್ಚಿದ್ದಾರೆ. ಅದು ನನಗೆ ಅಂದೂ ಸೇರಲಿಲ್ಲ, ಇಂದೂ ಸೇರುವುದಿಲ್ಲ. ದನಿಗೆ ಇಷ್ಟು ಆಟೋಟ್ಯೂನ್ (ಕಂಪ್ಯೂಟರಿನಲ್ಲಿ ದನಿ ತಿದ್ದುವ ತಂತ್ರ) ಯಾಕೆ ಅಂತ ವಿಮರ್ಶಕರು ಕೇಳಿದಾಗ ನಮ್ಮ ಗುಂಪು ಉರಿದುಬಿತ್ತು. 'ಅಮೆರಿಕದಲ್ಲಿ ಮೊದಲ ವಾರವೇ ನಂಬರ್ ಒನ್, ತಿಳ್ಕೊ' ಅಂತ ಒಬ್ಬ ಬರೆದ. ನಂಬರ್ ಒನ್ ಬಂದದ್ದು ನಿಜ. ಕೇಳಿದ ಪ್ರಶ್ನೆಗೆ ಅದು ಉತ್ತರ ಹೇಗೆ?

ಹೊಗಳಿಕೆಯ ವಿಷಯದಲ್ಲಿ ಮಾತ್ರ ನಾವು ಪರಮ ಸಾಧುಗಳು. ಐದಕ್ಕೆ ಐದು ಕೊಟ್ಟವನನ್ನು 'ಎಷ್ಟು ಸಲ ಕೇಳಿ ಬರೆದೆ' ಅಂತ ಯಾರೂ ಕೇಳಿದ್ದಿಲ್ಲ. 1998ರ 'ರೇ ಆಫ್ ಲೈಟ್' ನೋಡಿ. ಲೋಕವೇ ಮೆಚ್ಚಿತು, ನಾಲ್ಕು ಗ್ರ್ಯಾಮಿ ಬಂತು, ನನಗೂ ಅದೇ ಆಕೆಯ ಅತ್ಯುತ್ತಮ. ಅದರಲ್ಲೊಂದು ಸಂಸ್ಕೃತ ಹಾಡಿದೆ, 'ವಂದೇ ಗುರೂಣಾಂ' ಅಂತ ಶುರು. ಇಲ್ಲೇ ಪಕ್ಕದ ಮೈಸೂರಿನಲ್ಲಿ ಪಟ್ಟಾಭಿ ಜೋಯಿಸರು ಕಲಿಸಿದ ಅಷ್ಟಾಂಗ ಯೋಗದ ಪ್ರಾರ್ಥನೆ ಅದು. ನಮ್ಮ ಕಿವಿಗೆ ಆ ಉಚ್ಚಾರಣೆ ಅಲ್ಲಲ್ಲಿ ಸೊಟ್ಟ. ಹಾಗಂತ ಗುಂಪಿನಲ್ಲಿ ಬರೆದರೆ ನನ್ನನ್ನೇ 'ಹೇಟರ್' ಅಂದರು! ಮಡೋನಾ ಕ್ಯಾಸೆಟ್ ತೇಯುವಷ್ಟು ಕೇಳಿದವಳನ್ನು.

ಆಲ್ಬಂ ಬಿಡುಗಡೆಯ ದಿನವೇ ವಿಮರ್ಶೆ ಬರಬೇಕು ಎಂಬ ಪತ್ರಿಕೆಗಳ ಅವಸರವೂ ಇದರಲ್ಲಿ ಕಮ್ಮಿ ಪಾಲುದಾರನಲ್ಲ. ಮೊದಲ ದಿನದ ತೀರ್ಪು ಆಮೇಲೆ ತಿರುಗುವುದೂ ಉಂಟು. ಅಮೆರಿಕದ ಇನ್ನೊಬ್ಬ ಪಾಪ್ ಗಾಯಕಿ ಮರಾಯ ಕ್ಯಾರಿಯ 'ಗ್ಲಿಟರ್' ಆಲ್ಬಂ 2001ರ ಸೆಪ್ಟೆಂಬರ್ 11ರಂದೇ ಬಿಡುಗಡೆಯಾಗಿ ನೆಲಕಚ್ಚಿತು. 2018ರಲ್ಲಿ ಅಭಿಮಾನಿಗಳು ಹಟ ಹಿಡಿದು ಕೊಂಡು ಅದನ್ನು ಹಾಡು ಮಾರುವ ತಾಣ ಐಟ್ಯೂನ್ಸ್‌ನ ಪಟ್ಟಿಯ ತುದಿಗೆ ಏರಿಸಿದರು. ಹದಿನೇಳು ವರ್ಷದ ಮೇಲೆ! ಕೆಟ್ಟ ವಿಮರ್ಶೆಗೆ ಅಂಥ ಉತ್ತರ ಕೊಟ್ಟರೆ ನನ್ನ ತಕರಾರಿಲ್ಲ. ತಕರಾರು ಇರುವುದು ಬರೆದವರ ಮನೆಯವರ ಫೋಟೋ ಹುಡುಕಿ ಹಾಕುವುದಕ್ಕೆ.

ನಮ್ಮ ಕಡೆಯ ಕಥೆಯೇ ಬೇರೆ. 2017ರಲ್ಲಿ ಎಸ್. ಜಾನಕಿಯವರು ಮೈಸೂರಿನಲ್ಲಿ ವಿದಾಯದ ಕಛೇರಿ ಮಾಡಿದಾಗ ಎಂಬತ್ತರ ಹತ್ತಿರ. ಜಾನಕಮ್ಮನ ವಯಸ್ಸನ್ನು ಹಿಡಿದು ಕುಹಕ ಆಡುವ ಧೈರ್ಯ ಕನ್ನಡದಲ್ಲಿ ಯಾರಿಗಿದೆ? ಆ ಮರ್ಯಾದೆ ದೊಡ್ಡದು. ಆದರೆ ಹಾಡಿನ ಬಗ್ಗೆ ಬರೆಯುವುದು? ಸಿನಿಮಾ ವಿಮರ್ಶೆಯ ಕೊನೆಯಲ್ಲಿ 'ಎರಡು ಹಾಡುಗಳು ಗುನುಗುವಂತಿವೆ, ಛಾಯಾಗ್ರಹಣ ಕಣ್ಣಿಗೆ ತಂಪು'. ಯಾವ ಎರಡು, ಗುನುಗುವಂಥದ್ದು ಏನಿದೆ, ಉಳಿದವು ಯಾಕೆ ಬಿದ್ದವು, ಕೇಳಬಾರದು. ಒಂದು ಆಲ್ಬಮ್ಮಿನ ಪ್ರತಿ ಹಾಡನ್ನೂ ಬಿಚ್ಚಿ ಕೂತು ಎರಡು ಸಾವಿರ ಪದ ಬರೆಯುವ ಒಬ್ಬ ಜಗಳಗಂಟ ವಿಮರ್ಶಕ ನಮ್ಮಲ್ಲೂ ಇರಬೇಕಿತ್ತು ಅಂತ ನನಗೆ ಹೊಟ್ಟೆಕಿಚ್ಚು. ಇದ್ದಿದ್ದರೆ ಅವನಿಗೂ ನಾವು ಬೈಯುತ್ತಿದ್ದೆವು, ಬಿಡಿ.

2024ರ ಮೇ ತಿಂಗಳಲ್ಲಿ ರಿಯೊದ ಕೋಪಕಬಾನಾ ಕಡಲತೀರದಲ್ಲಿ ಆಕೆಯನ್ನು ನೋಡಲು ಸುಮಾರು 16 ಲಕ್ಷ ಜನ ಸೇರಿದ್ದರು. ಬಿಟ್ಟಿ ಕಾರ್ಯಕ್ರಮ ಅನ್ನಿ, ಆದರೂ 16 ಲಕ್ಷ! ಅಷ್ಟು ಜನ ಬೆನ್ನಿಗಿರುವವಳಿಗೆ ಹತ್ತಕ್ಕೆ ಆರು ಕೊಟ್ಟ ಒಬ್ಬನಿಂದ ಏನೂ ಆಗುವುದಿಲ್ಲ. ಅವನು ಬರೆದುಕೊಳ್ಳಲಿ. 'ಈ ವಯಸ್ಸಿನಲ್ಲಿ ಇವೆಲ್ಲ ಬೇಕಿತ್ತಾ' ಅಂತ ಬರೆದವನು ಸಿಕ್ಕರೆ ಲಿಂಕ್ ಕಳಿಸಿ, ನಾನೂ ಬರುತ್ತೇನೆ. ಉಳಿದ ಹಾಗೆ ಇಲ್ಲಿ ಕಾಮೆಂಟಿನಲ್ಲಿ ನನಗೆ ಬೈಯುವವರು ದಯವಿಟ್ಟು ಯಾವ ಹಾಡು ಅಂತ ಹೆಸರು ಹಾಕಿ ಬೈಯಿರಿ. ಆ ಚೈಕೋವ್ಸ್ಕಿ ಹಾಡಿನ ಪರ ಮಾತಾಡುವವರಿದ್ದರೆ ಇವತ್ತು ರಾತ್ರಿ ಪೂರ್ತಿ ನಾನು ಬಿಡುವಾಗಿದ್ದೇನೆ, ಕರೆಂಟ್ ಇದ್ದರೆ.